ಸೋಮವಾರದ ಒಪ್ಪತ್ತು

ನಾನು ಮೂರನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹೊತ್ತಿಸುವುದು ನಿಂತಿತು. 1965ನೇ ಇಸವಿ. ಮಳೆ ಕೈಕೊಟ್ಟಿತ್ತು, ಪಾಕಿಸ್ತಾನದೊಡನೆ ಯುದ್ಧ ಬೇರೆ. ವಾರಕ್ಕೊಂದು ಹೊತ್ತು, ಸೋಮವಾರ ಸಂಜೆ, ಊಟ ಬಿಡಿರೆಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡಿದ್ದರು. ಮೊದಲು ತಮ್ಮ ಮನೆಯವರನ್ನೇ ಉಪವಾಸವಿರಿಸಿ ನೋಡಿ, ಆಮೇಲೆ ಜನರನ್ನು ಕೇಳಿದರೆಂದು ಹೇಳುತ್ತಾರೆ. ಎಷ್ಟೋ ಹೋಟೆಲುಗಳು ಆ ಸಂಜೆ ಬಾಗಿಲು ಹಾಕಿದವು. ಅಪ್ಪ ಪತ್ರಿಕೆಯಲ್ಲಿ ಇದನ್ನು ಓದಿ ಹೆಮ್ಮೆಯಿಂದ ಹೇಳಿದಾಗ ಅಮ್ಮ ನಕ್ಕುಬಿಟ್ಟಳು. ಮದುವೆಯಾದಾಗಿನಿಂದ ಶಿವನ ಹೆಸರಿನಲ್ಲಿ ಅವಳಿಗೆ ಸೋಮವಾರ ಒಪ್ಪತ್ತೇ. "ನಿಮ್ಮ ಶಾಸ್ತ್ರಿಗಳಿಗೆ ಈಗ ಗೊತ್ತಾಯಿತೇನು?" ಅಂದಳು.

ಆಗಿನ ಕಷ್ಟ ಸಣ್ಣದಲ್ಲ. ಪಿ.ಎಲ್. 480 ಎಂಬ ಕಾನೂನಿನಡಿ ಅಮೆರಿಕದ ಗೋಧಿ ತರಲು ನಮ್ಮ ಸರ್ಕಾರ 1956ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. 1966ರಲ್ಲಂತೂ ಸುಮಾರು 1 ಕೋಟಿ ಟನ್ ಧಾನ್ಯ ಹೊರದೇಶಗಳಿಂದ ಬಂತು. ಅಮೆರಿಕದ ಅಧ್ಯಕ್ಷ ಜಾನ್ಸನ್ ಅದನ್ನೂ ಒಂದಿಷ್ಟೊಂದಿಷ್ಟೇ ಬಿಡುತ್ತಿದ್ದರು. ಹಡಗಿನಿಂದ ನೇರ ಬಾಯಿಗೆ ಎನ್ನುವಂಥ ಬದುಕು. ಮುದ್ದೆ, ಅನ್ನ ಬಿಟ್ಟರೆ ಬೇರೆ ಅರಿಯದ ನಮ್ಮ ಮನೆಗೂ ರೇಷನ್ ಗೋಧಿ ಬಂತು. ಚಪಾತಿ ಲಟ್ಟಿಸಲು ಬಾರದ ಅಜ್ಜಿ ಅದನ್ನು ನುಚ್ಚು ಒಡೆಸಿ ಉಪ್ಪಿಟ್ಟು ಕೆದಕಿದಳು.

ಆ ಅಡಿಗೆಮನೆಯಲ್ಲಿ ಬಿಸಾಡುವುದೆಂಬ ಮಾತೇ ಇರಲಿಲ್ಲ. ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ. ಇನ್ನೂ ಉಳಿದರೆ ಅರೆದು ಸಂಡಿಗೆ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುವುದು. ಬಸ್ಸಾರು ಮೂರು ದಿನ ಕುದಿದು ಕುದಿದು ರುಚಿ ಏರುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿನ ಬಾನಿಗೆ, ಅಲ್ಲಿಂದ ಎಮ್ಮೆಗೆ. ಹೀರೇಕಾಯಿ ಸಿಪ್ಪೆ ಮಾತ್ರ ಎಮ್ಮೆಗೂ ಸಿಗುತ್ತಿರಲಿಲ್ಲ, ಅದು ಚಟ್ನಿಗೆ.

ಇದನ್ನು ಹೇಳಿ ಆ ಕಾಲವನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಏಕೆಂದರೆ ಕೊನೆಗೆ ಉಳಿದುದನ್ನು ತಿನ್ನುತ್ತಿದ್ದವಳು ಅಮ್ಮ. ಸೀದ ತಳ ಅವಳಿಗೆ, ಹಿಂದಿನ ರಾತ್ರಿಯದು ಅವಳಿಗೆ. ಬಿಸಿ ಅನ್ನಕ್ಕೆ ಕೈಯಿಟ್ಟು ಅವಳು ಮೊದಲ ಪಂಕ್ತಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಅನ್ನ ಹಾಳಾಗಲಿಲ್ಲವೆಂಬ ಹೆಸರು ಮನೆತನಕ್ಕೆ, ಹೊಟ್ಟೆನೋವು ಅವಳಿಗೆ.

ಧಾನ್ಯ ಹಾಳಾಗದಂತೆ ಕಾಯುವ ಕೆಲಸವನ್ನು ಸರ್ಕಾರವೂ ಮಾಡಿತೆನ್ನಿ. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲೇ ಸಿ.ಎಫ್.ಟಿ.ಆರ್.ಐ. ಶುರುವಾಗಿತ್ತು, 1965ರಲ್ಲಿ ಭಾರತೀಯ ಆಹಾರ ನಿಗಮ ಬಂತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತಂದು ಬಿತ್ತಿದ ಮೇಲೆ ಉತ್ತರದ ಹೊಲಗಳು ತುಂಬಿದವು. ಕ್ರಮೇಣ ಹಡಗು ಕಾಯುವುದು ತಪ್ಪಿತು, ನಮ್ಮ ಕೈಯಳತೆಯೂ ತಪ್ಪಿತು. ಆಮೇಲೆ ಫ್ರಿಜ್ ಬಂತು. ಉಳಿದದ್ದನ್ನು ಉಳಿಸುತ್ತದೆಂದು ಕೊಂಡೆವು. ಅದು ಬಿಸಾಡುವುದನ್ನು ನಾಲ್ಕು ದಿನ ಮುಂದಕ್ಕೆ ಹಾಕಿತು, ಅಷ್ಟೇ.

ನನ್ನದೇ ತಪ್ಪು ಹೇಳಿಬಿಡುತ್ತೇನೆ. ಮಗನ ಮದುವೆಯಲ್ಲಿ ಅಡಿಗೆಯವರು "ಆರುನೂರಕ್ಕೆ ಸಾಕಮ್ಮ" ಎಂದರು. "ಎಂಟುನೂರಕ್ಕೇ ಆಗಲಿ, ಎಲೆ ಮುಂದೆ ಕೂತವರಿಗೆ ಇಲ್ಲ ಅನ್ನಬಾರದು" ಎಂದವಳು ನಾನೇ, ಆ ಅಮ್ಮನ ಮಗಳು. ಸಂಜೆ ಎರಡು ಕೊಳಗ ಬಿಸಿಬೇಳೆಬಾತು ಉಳಿದಿತ್ತು. ಒಂದು ಅನಾಥಾಶ್ರಮಕ್ಕೆ ಫೋನು ಮಾಡುವ ಹೊತ್ತಿಗೆ ಹುಳಿ ವಾಸನೆ ಬಂದಿತ್ತು. "ಮಧ್ಯಾಹ್ನವೇ ಹೇಳಿದ್ದರೆ ಬಂದು ಒಯ್ಯುತ್ತಿದ್ದೆವು" ಎಂದರು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತದೆಂದು ಕೃಷಿ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ ಸುದ್ದಿ 2012ರಲ್ಲಿ ಓದಿದಾಗ ಅದರೊಳಗೆ ನನ್ನ ಎರಡು ಕೊಳಗವೂ ಕಂಡಿತು.

ಆದರೆ ಮದುವೆಮನೆಯನ್ನು ಬೈದು ನಾವು ಪಾರಾಗುವಂತಿಲ್ಲ. ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ 105 ಕೋಟಿ ಟನ್ ಆಹಾರದಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳಿಂದ ಹೋದದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂಬ ಅಂದಾಜು. ಸಿಪ್ಪೆಯೂ ಅದರಲ್ಲಿ ಸೇರಿದೆ.

ಮೊಮ್ಮಗನ ನಾಮಕರಣದಲ್ಲಿ ನಾನು ಅಡಿಗೆಯವರ ಮಾತು ಕೇಳಿದೆ. ಎರಡನೇ ಪಂಕ್ತಿ ಎದ್ದ ಮೇಲೆ ತಲೆ ಎಣಿಸಿಯೇ ಮೂರನೆಯದಕ್ಕೆ ಅಕ್ಕಿ ಹಾಕಿದರು. ಜನ ಹತ್ತು ನಿಮಿಷ ಕಾದರು, ಯಾರೂ ಮುನಿಸಿಕೊಳ್ಳಲಿಲ್ಲ. ಮನೆಯಲ್ಲಿ ಈಗ ಸೊಸೆ ಸಂಜೆ ಯಾರು ಯಾರು ಊಟಕ್ಕಿದ್ದೀರೆಂದು ಕೇಳಿ ಪಾವು ಹಿಡಿಯುತ್ತಾಳೆ. ಅಷ್ಟಾದರೂ ಉಳಿದರೆ ಬೆಳಿಗ್ಗೆ ಚಿತ್ರಾನ್ನ ಐದು ತಟ್ಟೆಗೆ ಸಮನಾಗಿ ಬೀಳುತ್ತದೆ, ನನ್ನ ಮಗನ ತಟ್ಟೆಗೂ. ಅವನು ಗೊಣಗುತ್ತಾನೆ, ತಿನ್ನುತ್ತಾನೆ.