ಕಲ್ಲಿನ ಕಥೆ, ನೋವಿನ ಕಥೆ

ನಿವೃತ್ತ ಮೇಷ್ಟರಾದ ನನ್ನ ಹಿರಿಯ ಮಿತ್ರರೊಬ್ಬರಿಗೆ ಮೂತ್ರಪಿಂಡದಲ್ಲಿ ಕಲ್ಲಾಯಿತು. ಬಾಳೆದಿಂಡಿನ ರಸವಾಯಿತು, ಹುರುಳಿಯ ಕಟ್ಟಾಯಿತು. ಕಲ್ಲು ಮಾತ್ರ ಜಗ್ಗಲಿಲ್ಲ. ಕೊನೆಗೆ ಡಾಕ್ಟರು ಆಘಾತ ತರಂಗದ ಚಿಕಿತ್ಸೆಯನ್ನು ಹೇಳಿದರು. ಮೈಗೆ ಕತ್ತಿ ತಾಗಿಸದೆ, ಹೊರಗಿನಿಂದಲೇ ಅಲೆಗಳನ್ನು ಹಾಯಿಸಿ ಒಳಗಿನ ಕಲ್ಲನ್ನು ಪುಡಿಮಾಡುವ ಕ್ರಮ ಅದು. ಮೇಷ್ಟರು ಯಂತ್ರದ ಮೇಲೆ ಮಲಗಿದರು. “ನೋವಾದರೆ ಹೇಳಿ” ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಎಪ್ಪತ್ತು ದಾಟಿದವನು ನೋವೆಂದು ಕೂಗುವುದೇ ಎಂದು ಇವರು ಹಲ್ಲು ಕಚ್ಚಿಕೊಂಡರು. ಬಾಯಿ ಸುಮ್ಮನಿದ್ದರೂ ಮೈ ಸುಮ್ಮನಿರಲಿಲ್ಲ. ಪೆಟ್ಟುಪೆಟ್ಟಿಗೂ ಸೊಂಟ ಅಷ್ಟಿಷ್ಟು ಸರಿಯಿತು, ಉಸಿರು ಏರುಪೇರಾಯಿತು, ಗುರಿ ತಪ್ಪಿತು. ಅರ್ಧಕ್ಕೇ ನಿಲ್ಲಿಸಿ ಇನ್ನೊಂದು ದಿನ ಬರಹೇಳಿದರು. “ಅಷ್ಟೆಲ್ಲ ಸಹಿಸಿದ್ದಕ್ಕೆ ಇದೇ ಏನಯ್ಯ ಫಲ?” ಎಂದು ಮೇಷ್ಟರು ನನ್ನಲ್ಲಿ ನೊಂದುಕೊಂಡರು.

ಅವರಿಗೆ ಉತ್ತರ ಹೇಳಬೇಕೆಂದು ಕಲ್ಲಿನ ಚಿಕಿತ್ಸೆಯ ಚರಿತ್ರೆಯನ್ನು ತಿರುವಿಹಾಕಿದೆ. ಓದಿದಂತೆಲ್ಲ ಒಂದು ಸಂಗತಿ ನಿಚ್ಚಳವಾಯಿತು. ವೈದ್ಯನ ಕೈ ಎಷ್ಟೇ ಪಳಗಿರಲಿ, ಆಯುಧ ಎಷ್ಟೇ ಹರಿತವಾಗಿರಲಿ, ಕಲ್ಲನ್ನು ಎಷ್ಟರಮಟ್ಟಿಗೆ ತೆಗೆಯಬಹುದೆಂಬುದನ್ನು ಕೊನೆಗೆ ತೀರ್ಮಾನಿಸುತ್ತ ಬಂದದ್ದು ನೋವು.

ಪುರಾತನರ ಕೈಗೆ ಎಟುಕುತ್ತಿದ್ದದ್ದು ಮೂತ್ರಾಶಯದ ಕಲ್ಲು. ಸುಶ್ರುತ ಸಂಹಿತೆಯಲ್ಲಿ ‘ಅಶ್ಮರಿ’ ಎಂಬ ಹೆಸರಿನಲ್ಲಿ ಅದರ ವಿವರವಿದೆ. ಬಲಶಾಲಿಯಾದವನೊಬ್ಬನನ್ನು ಹಲಗೆಯ ಮೇಲೆ ಕುಳ್ಳಿರಿಸಿ, ಅವನ ತೊಡೆಯ ಮೇಲೆ ರೋಗಿಯ ಮೈಯನ್ನು ಒರಗಿಸಿ, ಅಲುಗದಂತೆ ಕಟ್ಟಿ ಶಸ್ತ್ರವನ್ನು ಪ್ರಯೋಗಿಸಬೇಕು. ಶಸ್ತ್ರಕ್ರಿಯೆ ಮಾಡದಿದ್ದರೆ ಸಾವು ನಿಶ್ಚಯ, ಮಾಡಿದರೆ ಗೆಲುವು ಸಂದೇಹ. ಆದುದರಿಂದ ಒಡೆಯನ ಅಪ್ಪಣೆ ಪಡೆದೇ ಕೈಹಾಕಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ. ಇಂದು ಆಸ್ಪತ್ರೆಯಲ್ಲಿ ಒಪ್ಪಿಗೆಪತ್ರಕ್ಕೆ ರುಜು ಹಾಕುವವರು ಈ ಅಪ್ಪಣೆಯನ್ನು ನೆನೆಯಬಹುದು.

ಯೂರೋಪಿನಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ 1658ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಮೂತ್ರಾಶಯದ ಕಲ್ಲನ್ನು ತೆಗೆಸಿಕೊಂಡನು. ಅದು ಟೆನಿಸ್ ಚೆಂಡಿನಷ್ಟಿತ್ತಂತೆ. ಮೂರ್ಛೆಯ ಔಷಧವಿಲ್ಲದ ಕಾಲ. ಬದುಕುಳಿದ ಸಂತೋಷಕ್ಕೆ ವರ್ಷವರ್ಷವೂ ಆ ದಿನವನ್ನು ಹಬ್ಬದಂತೆ ಆಚರಿಸಬೇಕೆಂದು ನಿಶ್ಚಯಿಸಿದನು. ಕಲ್ಲನ್ನಿಡಲು ಒಂದು ಪೆಟ್ಟಿಗೆಯನ್ನೂ ಮಾಡಿಸಿದನು. ಮುಂದೆ 1703ರಲ್ಲಿ ಅವನು ತೀರಿಕೊಂಡಾಗ ಶವವನ್ನು ಪರೀಕ್ಷಿಸಿದವರಿಗೆ ಎಡ ಮೂತ್ರಪಿಂಡದಲ್ಲಿ ಏಳು ಕಲ್ಲುಗಳು ಸಿಕ್ಕಿದುವು. ಮೂತ್ರಾಶಯಕ್ಕೆ ಮುಟ್ಟಿದ ಕತ್ತಿ ಅಲ್ಲಿಗೆ ಮುಟ್ಟಿರಲಿಲ್ಲ.

ನೋವನ್ನು ತಡೆಯಲಾರದ ವೈದ್ಯನಿಗೆ ಉಳಿದಿದ್ದ ದಯೆಯೆಂದರೆ ವೇಗ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ವಿಲಿಯಂ ಚೆಸೆಲ್ಡನ್ ಒಂದು ನಿಮಿಷದೊಳಗೆ ಕಲ್ಲನ್ನು ಹೊರತೆಗೆಯಬಲ್ಲನೆಂದು ಹೆಸರಾದನು. 1824ರಲ್ಲಿ ಪ್ಯಾರಿಸಿನ ಜಾನ್ ಸಿವಿಯಾಲ್ ಇನ್ನೊಂದು ದಾರಿ ಹಿಡಿದನು. ಕತ್ತಿ ಬೇಡವೆಂದು ಮೂತ್ರನಾಳದ ಮೂಲಕವೇ ಉಪಕರಣವನ್ನು ಹಾಯಿಸಿ, ಕಲ್ಲನ್ನು ಒಳಗೇ ಪುಡಿಮಾಡಿದನು. ಉಪಾಯ ಒಳ್ಳೆಯದೇ. ಆದರೆ ಎಚ್ಚರವಿರುವ ರೋಗಿ ಎಷ್ಟು ಹೊತ್ತು ತಾಳಿಯಾನು? ಕೆಲವೇ ನಿಮಿಷ ಕೆಲಸ ಮಾಡಿ ಬಿಡಬೇಕು, ಮತ್ತೆ ಕರೆಸಬೇಕು. ಅಷ್ಟರವರೆಗೆ ಮೊನಚಾದ ಚೂರುಗಳು ಒಳಗೇ ಇರಬೇಕು.

ಈ ಗಂಟನ್ನು ಬಿಡಿಸಿದವನು ಅಮೆರಿಕದ ಬಾಸ್ಟನ್ನಿನ ಹೆನ್ರಿ ಬಿಗಲೋ. 1846ರ ಅಕ್ಟೋಬರ್ 16ರಂದು ಆ ಊರಿನ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರನ್ನು ಮೂಸಿಸಿ, ರೋಗಿಗೆ ಶಸ್ತ್ರಚಿಕಿತ್ಸೆಯ ನೋವಾಗದಂತೆ ಮಾಡಿ ತೋರಿಸಿದನಷ್ಟೆ. ಆ ಸಂಗತಿಯನ್ನು ಅದೇ ವರ್ಷದ ನವೆಂಬರಿನಲ್ಲಿ ವೈದ್ಯ ಪತ್ರಿಕೆಯ ಮೂಲಕ ಲೋಕಕ್ಕೆ ಸಾರಿದವನು ತರುಣ ಬಿಗಲೋ. ಮೂವತ್ತೆರಡು ವರ್ಷಗಳ ಮೇಲೆ, 1878ರಲ್ಲಿ, ಅವನೇ ಈಥರಿನ ನಿದ್ರೆಯಲ್ಲಿ ರೋಗಿಯನ್ನಿರಿಸಿ, ಒಂದೇ ಸಲಕ್ಕೆ ಕಲ್ಲನ್ನೆಲ್ಲ ಪುಡಿಮಾಡಿ ಚೂರುಗಳನ್ನೂ ತೊಳೆದು ತೆಗೆಯುವ ಕ್ರಮವನ್ನು ಪ್ರಕಟಿಸಿದನು. ನೋವು ಹೋದುದರಿಂದ ವೈದ್ಯನಿಗೆ ಸಮಯ ಸಿಕ್ಕಿತು. ಸಮಯ ಸಿಕ್ಕಿದುದರಿಂದ ಕಲ್ಲು ಪೂರ್ತಿ ಹೋಯಿತು. ಮೇಷ್ಟರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಅರಿವಳಿಕೆಯ ಬಲದಿಂದ ಮುಂದೆ ಮೂತ್ರಪಿಂಡವನ್ನೂ ಕೊಯ್ದು ಕಲ್ಲು ತೆಗೆಯುವುದು ಸಾಧ್ಯವಾಯಿತು. ಆದರೆ ಪಕ್ಕೆಯಲ್ಲಿ ಉದ್ದನೆಯ ಗಾಯ, ವಾರಗಟ್ಟಲೆ ಹಾಸಿಗೆ. ಕತ್ತಿಯನ್ನೇ ತಪ್ಪಿಸುವ ದಾರಿ ತೋರಿದ್ದು ವಿಮಾನದ ಕಾರ್ಖಾನೆ! ಜರ್ಮನಿಯ ಡಾರ್ನಿಯರ್ ಕಂಪೆನಿಯವರು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುವುದೆಂದು ಪರೀಕ್ಷಿಸುತ್ತಿದ್ದರು. ಹನಿಯ ಪೆಟ್ಟಿನಿಂದ ಲೋಹದೊಳಗೆ ಆಘಾತ ತರಂಗಗಳು ಏಳುತ್ತಿದ್ದುವು. ಒಮ್ಮೆ ಗುಂಡು ಬಡಿದ ಕ್ಷಣದಲ್ಲಿ ಲೋಹದ ಗುರಿಯನ್ನು ಮುಟ್ಟಿಕೊಂಡಿದ್ದ ಇಂಜಿನಿಯರನೊಬ್ಬನಿಗೆ ವಿದ್ಯುತ್ತು ಹೊಡೆದಂತಾಯಿತೆಂದು ಹೇಳುತ್ತಾರೆ. ವಿದ್ಯುತ್ತು ಅಲ್ಲಿರಲಿಲ್ಲ, ಅಲೆ ಅವನ ಕೈಯೊಳಕ್ಕೆ ಹಾದಿತ್ತು. ಅಲೆ ಮೈಯೊಳಗೆ ಹೋಗಬಲ್ಲದೆಂಬ ಸುದ್ದಿಯನ್ನು ಮೊದಲು ತಂದದ್ದೂ ನೋವೇ ಆಯಿತು.

1980ರ ಫೆಬ್ರವರಿ 7ರಂದು ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯನ್ ಶೋಸ್ಸಿ ಮತ್ತು ಅವರ ಸಂಗಡಿಗರು ಮೊದಲನೆಯ ರೋಗಿಗೆ ಈ ಚಿಕಿತ್ಸೆಯನ್ನು ನಡೆಸಿದರು. ರೋಗಿಯನ್ನು ತೂಗುಮಂಚದಂಥ ಆಸನಕ್ಕೆ ಬಿಗಿದು, ಬೆಚ್ಚಗಿನ ನೀರು ತುಂಬಿದ ದೊಡ್ಡ ತೊಟ್ಟಿಯೊಳಕ್ಕೆ ಇಳಿಸುತ್ತಿದ್ದರು. ನೀರಿನಡಿಯಲ್ಲಿ ವಿದ್ಯುತ್ ಕಿಡಿ ಹಾರಿದೊಡನೆ ಅಲೆ ಏಳುವುದು. ಬಟ್ಟಲಿನಾಕಾರದ ಲೋಹದ ಪ್ರತಿಫಲಕ ಅದನ್ನು ಕಲ್ಲಿರುವ ಒಂದೇ ಬಿಂದುವಿಗೆ ಕೂಡಿಸುವುದು. ಹೃದಯದ ಬಡಿತಕ್ಕೆ ಸರಿಹೊಂದಿಸಿ ಇಂಥ ಸಾವಿರ, ಒಂದೂವರೆ ಸಾವಿರ ಪೆಟ್ಟುಗಳು. 1984ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರವೂ ಈ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು.

ಕತ್ತಿಯಿಲ್ಲದ ಮೇಲೆ ನೋವೆಲ್ಲಿಯದು ಎಂದು ಕೇಳಬಹುದು. ಅಲೆ ಮೊದಲು ಚರ್ಮವನ್ನು ದಾಟಬೇಕು, ಅಲ್ಲಿ ಚುರುಕ್ಕೆನ್ನುತ್ತದೆ. ಆಮೇಲೆ ಮಾಂಸಖಂಡ, ಕೆಲವೊಮ್ಮೆ ಪಕ್ಕೆಲುಬು, ಕೊನೆಗೆ ಮೂತ್ರಪಿಂಡದ ಹೊದಿಕೆ; ಅಲ್ಲಿ ಆಳವಾದ ಗುದ್ದಿನ ನೋವು. ಆದುದರಿಂದ ಆ ಕಾಲದ ರೋಗಿಗಳಿಗೆ ಪೂರ್ಣ ಅರಿವಳಿಕೆಯನ್ನೋ ಬೆನ್ನಿನಲ್ಲಿ ಚುಚ್ಚುವ ಅರಿವಳಿಕೆಯನ್ನೋ ಕೊಡುತ್ತಿದ್ದರು. ಅರಿವಳಿಕೆಯವರ ಕೆಲಸ ಸುಲಭವಾಗಿರಲಿಲ್ಲ. ರೋಗಿ ತೊಟ್ಟಿಯಲ್ಲಿ, ಇವರು ಹೊರಗೆ. ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ನೀರಿನಿಂದ ಮೇಲೆತ್ತಬೇಕು. ಬೆನ್ನಿನಲ್ಲಿ ಸೂಜಿಯ ಜಾಗವನ್ನು ಹುಡುಕಲು ಕೆಲವರು ಗಾಳಿಯನ್ನು ಬಳಸುತ್ತಿದ್ದರು. ಗಾಳಿಯೂ ಮಾಂಸವೂ ಕೂಡುವ ಕಡೆ ಅಲೆ ತನ್ನ ಬಲವನ್ನೆಲ್ಲ ಸುರಿದು ಗಾಯ ಮಾಡಬಹುದೆಂದು ಗೊತ್ತಾದಮೇಲೆ, ಗಾಳಿಯ ಬದಲು ಉಪ್ಪುನೀರನ್ನು ಬಳಸುವುದು ಮೇಲೆಂದಾಯಿತು.

ಈ ತಾಪತ್ರಯವೇ ಬೇಡವೆಂದು ಯಂತ್ರ ಮಾಡುವವರು ಹೊರಟರು. ತೊಟ್ಟಿಯನ್ನು ತೆಗೆದು ನೀರು ತುಂಬಿದ ಮೆತ್ತೆಯನ್ನಿಟ್ಟರು. ಅಲೆ ಚರ್ಮದ ಹೆಚ್ಚು ವಿಸ್ತಾರದಲ್ಲಿ ಹರಡಿಕೊಂಡು ಒಳಹೊಗುವಂತೆ ಬಾಯಿಯನ್ನು ಅಗಲಿಸಿದರು. ಒಂದೊಂದು ಅಂಗುಲಕ್ಕೆ ಬೀಳುವ ಪೆಟ್ಟು ತಗ್ಗಿತು. ಕೂಡುವ ಬಿಂದುವನ್ನು ಕಿರಿದು ಮಾಡಿದರು. ಅರಿವಳಿಕೆಯಿಲ್ಲದೆ ಚಿಕಿತ್ಸೆ ಎಂದು ಲೋಕ ಹಿಗ್ಗಿತು. ಆದರೆ ಕಲ್ಲು ಹಿಗ್ಗಲೂ ಇಲ್ಲ, ಬಗ್ಗಲೂ ಇಲ್ಲ! ಹಳೆಯ ತೊಟ್ಟಿಯ ಯಂತ್ರ ಒಂದೇ ಸಲಕ್ಕೆ ಮುಗಿಸುತ್ತಿದ್ದ ಕೆಲಸಕ್ಕೆ ಹೊಸವು ಎರಡು ಮೂರು ಸಲ ಕರೆಸಬೇಕಾದ ಸಂದರ್ಭಗಳು ಹೆಚ್ಚಾದುವು. ಉಸಿರಾಡಿದಾಗಲೆಲ್ಲ ಮೂತ್ರಪಿಂಡ ಮೇಲೆ ಕೆಳಗೆ ಸರಿಯುತ್ತದೆ. ಗುರಿಯ ಬಿಂದು ಕಿರಿದಾದಷ್ಟೂ, ರೋಗಿ ನೋವಿನಿಂದ ಬಿಗಿದುಕೊಂಡಷ್ಟೂ ಪೆಟ್ಟು ಪಕ್ಕಕ್ಕೆ ಬೀಳುತ್ತದೆ. ನೋವನ್ನು ತಗ್ಗಿಸಲು ಹೋಗಿ ಪೆಟ್ಟನ್ನೇ ತಗ್ಗಿಸಿದಂತಾಗಿತ್ತು. 2002ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ಯಂತ್ರ ಒಂದೇ ಆದರೂ, ಬರಿಯ ಮಂಪರಿನ ಔಷಧ ಪಡೆದವರಿಗಿಂತ ಪೂರ್ಣ ಅರಿವಳಿಕೆ ಪಡೆದವರಲ್ಲಿ ಕಲ್ಲು ಪೂರ್ತಿ ಹೋದವರೇ ಹೆಚ್ಚೆಂದು ಕಂಡುಬಂದಿತು.

ಹಾಗೆಂದು ಎಲ್ಲರಿಗೂ ಪೂರ್ಣ ಅರಿವಳಿಕೆ ಬೇಕೆಂದಲ್ಲ. ಅದಕ್ಕೂ ಅದರದೇ ಅಪಾಯಗಳಿವೆ. ಈಗ ಅನೇಕರಿಗೆ ನೋವು ತಗ್ಗಿಸುವ ಚುಚ್ಚುಮದ್ದೂ ಸ್ವಲ್ಪ ಮಂಪರಿನ ಔಷಧವೂ ಸಾಕಾಗುತ್ತವೆ. ಮರಗಟ್ಟಿಸುವ ಮುಲಾಮನ್ನು ಬಳಿದರೆ ಚರ್ಮದ ಉರಿ ತಗ್ಗಬಹುದು. ಆಳದ ನೋವಿಗೆ ಅದು ಎಟುಕದು. ಕಿವಿಗೆ ಸಂಗೀತವನ್ನು ಹಾಕಿದರೂ ಕಳವಳ ಇಳಿಯುತ್ತದೆಂದು ಪರೀಕ್ಷಿಸಿದವರು ಹೇಳುತ್ತಾರೆ. ಮೊದಲು ಮೆಲ್ಲಗೆ ಹೊಡೆದು ಬರಬರುತ್ತ ಬಲವನ್ನು ಏರಿಸಿದರೆ ರೋಗಿಯೂ ಒಗ್ಗಿಕೊಳ್ಳುತ್ತಾನೆ, ಮೂತ್ರಪಿಂಡಕ್ಕೂ ಕ್ಷೇಮ. ನಿಮಿಷಕ್ಕೆ 120ರ ಬದಲು 60 ಪೆಟ್ಟಾದರೆ ಕಲ್ಲು ಹೆಚ್ಚು ನುಣ್ಣಗಾಗುತ್ತದೆಂಬುದೂ ತಿಳಿದಿದೆ. ಚೆಸೆಲ್ಡನ್ನನ ಕಾಲದಲ್ಲಿ ವೇಗವೇ ದಯೆಯಾಗಿತ್ತು. ಇಲ್ಲಿ ಸಾವಧಾನವೇ ದಯೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನುಂಗುವವರು ಮಾತ್ರ ಡಾಕ್ಟರಿಗೆ ಮೊದಲೇ ಹೇಳಬೇಕು, ಒಳಗೆ ರಕ್ತಸ್ರಾವವಾದೀತು.

ಪುಡಿಯಾದ ಕಲ್ಲು ಹೊರಹೋಗುವಾಗಲೂ ನೋವುಂಟು. ಚೂರುಗಳು ಕೆಲವೊಮ್ಮೆ ನಾಳದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಜರ್ಮನರು ಅದಕ್ಕೆ ‘ಕಲ್ಲುಬೀದಿ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಆಗ ಬರುವ ನೋವು ಅಪಾಯದ ಸೂಚನೆ; ಜ್ವರವೂ ಜೊತೆಗೂಡಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅದನ್ನು ಸಹಿಸಿಕೊಂಡು ಮನೆಯಲ್ಲಿ ಕೂರುವುದು ಧೈರ್ಯವಲ್ಲ.

ಇದನ್ನೆಲ್ಲ ಮೇಷ್ಟರಿಗೆ ವಿವರಿಸಿದೆ. “ಹಾಗಾದರೆ ನಾನು ಬಾಯಿ ಮುಚ್ಚಿಕೊಂಡದ್ದರಿಂದ ಡಾಕ್ಟರ ಕೈ ಕಟ್ಟಿದಂತಾಯಿತು, ಅಲ್ಲವೇ?” ಎಂದರು. ಎರಡನೆಯ ಸಲ ಹೋದಾಗ, ನೋವಾಗುತ್ತದೆ ಎಂದು ತಾವೇ ಮೊದಲು ಹೇಳಿ ಚುಚ್ಚುಮದ್ದು ಕೇಳಿದರಂತೆ. ಮೈ ಸಡಿಲಾಯಿತು, ಉಸಿರು ಸಮವಾಯಿತು, ಪೆಟ್ಟು ಗುರಿಗೆ ಬಿತ್ತು. ಹತ್ತು ದಿನಗಳ ಮೇಲೆ ಮನೆಗೆ ಬಂದು, ಸಣ್ಣ ಸೀಸೆಯಲ್ಲಿ ಹಿಡಿದಿಟ್ಟಿದ್ದ ಮರಳಿನಂಥ ಪುಡಿಯನ್ನು ತೋರಿಸಿದರು. ಪೀಪ್ಸ್ ಮಹಾಶಯ ಮಾಡಿಸಿದಂಥ ಪೆಟ್ಟಿಗೆ ಅದಕ್ಕೆ ಬೇಕಾಗಿರಲಿಲ್ಲ.