ಮೆಟ್ನರ್ ಪಿಯಾನೋ, ಮೈಸೂರಿನ ಹಣ

1947ರಲ್ಲಿ ಲಂಡನ್ನಿನಲ್ಲಿ 67 ವರ್ಷದ ರಷ್ಯನ್ ಸಂಗೀತಗಾರರೊಬ್ಬರು ತಮ್ಮ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಿಗಾಗಿ ಪಿಯಾನೋದಲ್ಲಿ ನುಡಿಸತೊಡಗಿದರು. ಐದು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಕೈಯಲ್ಲಿ ಹಣವಿರಲಿಲ್ಲ, ಸಂಗೀತಲೋಕ ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. ಅವರು ನಿಕೊಲಾಯ್ ಮೆಟ್ನರ್. ಧ್ವನಿಮುದ್ರಣದ ವೆಚ್ಚ ಭರಿಸಿದವರು ಮೈಸೂರಿನ ಜಯಚಾಮರಾಜ ಒಡೆಯರ್.

ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ, ಮಾಸ್ಕೋದಲ್ಲಿ. ಅಲ್ಲಿನ ಕನ್ಸರ್ವೇಟರಿಯಲ್ಲಿ ವಾಸಿಲಿ ಸಫೋನೊವ್ ಅವರ ಬಳಿ ಪಿಯಾನೋ ಕಲಿತು 1900ರಲ್ಲಿ ಹೊರಬಂದಾಗ ಆಂಟನ್ ರೂಬಿನ್‌ಸ್ಟೈನ್ ಬಹುಮಾನ ಅವರದಾಗಿತ್ತು. ಊರೂರು ತಿರುಗಿ ಕಛೇರಿ ನಡೆಸಿದ್ದರೆ ಹೆಸರು, ಹಣ ಎರಡೂ ಬರುತ್ತಿದ್ದವು. ಗುರುವಿನ ಇಚ್ಛೆಯೂ ಅದೇ. ಮೆಟ್ನರ್ ಒಪ್ಪಲಿಲ್ಲ. ಬೇರೆಯವರ ಸಂಗೀತವನ್ನು ಚೆನ್ನಾಗಿ ನುಡಿಸುವುದಕ್ಕಿಂತ ತಮ್ಮದನ್ನು ಬರೆಯುವುದೇ ಅವರಿಗೆ ಮುಖ್ಯವಾಯಿತು. ಆದರೆ ಬರೆದದ್ದರಲ್ಲೆಲ್ಲ ಪಿಯಾನೋ ಇದ್ದೇ ಇರುತ್ತಿತ್ತು. 14 ಸೊನಾಟಾ, ಮೂರು ಕಾನ್ಚೆರ್ಟೋ, ನೂರಕ್ಕೂ ಹೆಚ್ಚು ಹಾಡು, 'ಕಥೆಗಳು' ಎಂದು ಅವರೇ ಕರೆದ ಚಿಕ್ಕ ರಚನೆಗಳು: ಪಿಯಾನೋ ಇಲ್ಲದ ಕೃತಿಯನ್ನು ಅವರ ಪಟ್ಟಿಯಲ್ಲಿ ಹುಡುಕುವುದು ವ್ಯರ್ಥ.

ಮನುಷ್ಯ ಬಲು ಹಟವಾದಿ. 1910ರಲ್ಲಿ ಬೀಥೋವನ್ ಕೃತಿಯೊಂದರ ತಾಲೀಮಿನಲ್ಲಿ, ಪ್ರಸಿದ್ಧ ವೃಂದ ನಿರ್ದೇಶಕ ಮೆಂಗೆಲ್‌ಬರ್ಗ್ ಜೊತೆ ಗತಿಯ ವಿಷಯಕ್ಕೆ ಜಗಳವಾಗಿ ಎದ್ದು ನಡೆದರು. ಹೊಸಕಾಲದ ಸಂಗೀತವೆಂದರೆ ಅವರಿಗೆ ಸ್ವರಧರ್ಮದ ದ್ರೋಹ. ಅದನ್ನು ಖಂಡಿಸಿ ಬರೆದ ಪುಸ್ತಕವನ್ನು ಆಪ್ತಮಿತ್ರ ರಾಖ್ಮನಿನೋವ್ 1935ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದರು. ಓದಿದವರು ಎಷ್ಟು ಮಂದಿಯೋ! ಕಾಲದ ಗಾಳಿಗೆ ಬೆನ್ನು ತಿರುಗಿಸಿ ಕುಳಿತವನನ್ನು ಕಾಲವೂ ಸುಲಭಕ್ಕೆ ವಿಚಾರಿಸಿಕೊಳ್ಳುವುದಿಲ್ಲ.

ಕ್ರಾಂತಿಯ ನಂತರ, 1921ರಲ್ಲಿ ರಷ್ಯಾ ಬಿಟ್ಟ ಮೆಟ್ನರ್ ದಂಪತಿ ಬರ್ಲಿನ್, ಪ್ಯಾರಿಸ್ ದಾಟಿ 1930ರ ದಶಕದ ನಡುವೆ ಲಂಡನ್ನಿಗೆ ಬಂದು ನೆಲೆಸಿದರು. ಪಾಠ, ಅಪರೂಪದ ಕಛೇರಿ, ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ — ಇಷ್ಟೇ ಜೀವನಾಧಾರ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಹಣ ನಿಂತಿತು. ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳಲು ಲಂಡನ್ನನ್ನೂ ಬಿಡಬೇಕಾಯಿತು. ಪಿಯಾನೋ ವಾದಕಿ ಎಡ್ನಾ ಐಲ್ಸ್ ಆಸರೆಯಾದರು. ಇಂಥ ದಿನಗಳಲ್ಲೇ ಮೂರನೆಯ ಕಾನ್ಚೆರ್ಟೋ ಮುಗಿದದ್ದು. ಕಾನ್ಚೆರ್ಟೋ ಎಂದರೆ ಒಂಟಿ ವಾದಕನಿಗೂ ಇಡೀ ವಾದ್ಯವೃಂದಕ್ಕೂ ನಡೆಯುವ ಮಾತುಕತೆ. 1944ರ ಫೆಬ್ರವರಿಯಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರೇ ಅದನ್ನು ನುಡಿಸಿದರು.

ಇತ್ತ ಮೈಸೂರಿನಲ್ಲಿ ಇನ್ನೊಬ್ಬ ಪಿಯಾನೋ ವಾದಕ ಅರ್ಧದಲ್ಲೇ ನಿಂತಿದ್ದರು. 1919ರಲ್ಲಿ ಹುಟ್ಟಿದ ಜಯಚಾಮರಾಜರಿಗೆ ಕಛೇರಿ ವಾದಕನಾಗುವ ಆಸೆಯಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರೂ ತೀರಿಕೊಂಡರು. 21ರ ಯುವಕನ ತಲೆಗೆ ಕಿರೀಟ ಬಂತು. ಪಿಯಾನೋ ಅರಮನೆಯೊಳಗೇ ಉಳಿಯಿತು. ಎಚ್.ಎಂ.ವಿ.ಯ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಕಂಡದ್ದು ಹಲವು ದೊಡ್ಡ ಪಿಯಾನೋಗಳನ್ನು, ಅಪಾರ ತಟ್ಟೆಗಳ ಭಂಡಾರವನ್ನು, ಮೆಟ್ನರ್ ಸಂಗೀತದ ಹುಚ್ಚು ಹಿಡಿದ, ಮೂವತ್ತು ತುಂಬದ ಅರಸರನ್ನು.

ಮಾರಾಟವಾಗದ ಸಂಗೀತವನ್ನು ಹೊರತರಲು ಲೆಗ್ 1930ರ ದಶಕದಲ್ಲೇ ಒಂದು ಉಪಾಯ ಹೂಡಿದ್ದರು. ಒಬ್ಬ ಸಂಗೀತಗಾರನ ಹೆಸರಿನಲ್ಲಿ 'ಸೊಸೈಟಿ' ಕಟ್ಟುವುದು, ಕೇಳುಗರಿಂದ ಮುಂಗಡ ಚಂದಾ ಪಡೆಯುವುದು, ಸಾಕಷ್ಟು ಚಂದಾದಾರರು ಸೇರಿದ ಮೇಲೆ ಮುದ್ರಿಸುವುದು. ಮೆಟ್ನರ್ ಸೊಸೈಟಿಗೆ ಚಂದಾದಾರರ ದಾರಿ ಕಾಯಬೇಕಾಗಲಿಲ್ಲ, ಮಹಾರಾಜರೇ ನಿಂತರು. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮೂರೂ ಕಾನ್ಚೆರ್ಟೋಗಳು ಮುದ್ರಣಗೊಂಡವು. ಮುಂದೆ ಸೊನಾಟಾ, ಹಾಡುಗಳೂ ಸೇರಿದವು. ಕೆಲವನ್ನು ಎಲಿಜಬೆತ್ ಶ್ವಾರ್ಜ್‌ಕಾಫ್ ಹಾಡಿದರು. ಆಗಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷವಷ್ಟೇ. ಅರ್ಧ ಗಂಟೆಯ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ತುಂಡಿನಲ್ಲಿ ಎಲ್ಲಿ ತಪ್ಪಿದರೂ ಅದನ್ನು ಮೊದಲಿಂದ ಆರಂಭಿಸಬೇಕು. ಹೃದ್ರೋಗಿಗೆ ಇದು ಸಣ್ಣ ಶ್ರಮವಲ್ಲ. ಮೂರನೆಯ ಕಾನ್ಚೆರ್ಟೋವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು.

ಅದೇ 1947ರಲ್ಲಿ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ನಡೆದಿತ್ತು ಎಂಬುದನ್ನೂ ಮರೆಯುವಂತಿಲ್ಲ. ಅರಸರ ಔದಾರ್ಯ ಯಾವ ಕಾಲಕ್ಕೆ ಸೇರಿದ್ದೋ ಆ ಕಾಲ ಮುಗಿಯುತ್ತಿತ್ತು. ಜಯಚಾಮರಾಜರ ಆಸಕ್ತಿಯೂ ಮುಂದೆ ಕರ್ನಾಟಕ ಸಂಗೀತದತ್ತ ಹೊರಳಿತು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಅವರು 1974ರಲ್ಲಿ ತೀರಿಕೊಂಡರು.

ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ಕಣ್ಮುಚ್ಚಿದರು. ಪತ್ನಿ ಅನ್ನಾ 1958ರಲ್ಲಿ ಹಸ್ತಪ್ರತಿಗಳೊಡನೆ ಮಾಸ್ಕೋಗೆ ಮರಳಿದರು. ಮರುವರ್ಷದಿಂದ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಅಲ್ಲಿಯೇ ಅಚ್ಚಾದವು. ಸ್ವರಲಿಪಿ ಹೀಗೆ ರಷ್ಯಾದಲ್ಲಿ ಉಳಿಯಿತು. ಅದನ್ನು ಬರೆದಾತ ಎಲ್ಲಿ ಗತಿ ಬಿಗಿಹಿಡಿಯುತ್ತಿದ್ದ, ಎಲ್ಲಿ ಸಡಿಲಿಸುತ್ತಿದ್ದ ಎಂದು ತಿಳಿಯಬಯಸುವ ಪಿಯಾನೋ ವಾದಕರು ಮಾತ್ರ ಇಂದಿಗೂ ಆ ಹಳೆಯ ತಟ್ಟೆಗಳಿಂದ ಸಿ.ಡಿ.ಗೆ ಬಂದ ಧ್ವನಿಮುದ್ರಣಗಳನ್ನೇ ಕೇಳುತ್ತಾರೆ.