ಓವರ್‌ಕ್ಲಾಕಿಂಗ್: ವೋಲ್ಟೇಜ್, ಸ್ಥಿರತೆ, ಬಾಳಿಕೆ

ಪ್ರೊಸೆಸರನ್ನು ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್. ವೇಗ ಏರಿಸಲು ಬಯೋಸ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಸಾಕು. ಆ ವೇಗದಲ್ಲಿ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಅದಕ್ಕೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವೋಲ್ಟೇಜ್ ಏರಿದಂತೆ ಶಾಖ ಹೆಚ್ಚುತ್ತದೆ, ಚಿಪ್ಪಿನ ಆಯಸ್ಸು ಕುಗ್ಗುತ್ತದೆ.

ಓವರ್‌ಕ್ಲಾಕಿಂಗ್‌ಗೆ ಅವಕಾಶ ಸಿಗುವುದು ತಯಾರಕರು ಉಳಿಸಿಟ್ಟ ಅಂತರದಿಂದ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಎರಡು ಚಿಪ್‌ಗಳೂ ಒಂದೇ ಸಮ ಇರುವುದಿಲ್ಲ. ಒಂದೇ ಹೆಸರಿನಲ್ಲಿ ಮಾರಾಟವಾಗುವ ಚಿಪ್‌ಗಳ ಪೈಕಿ ತೀರ ಸಾಧಾರಣವಾದದ್ದೂ, ಗಾಳಿಯಾಡದ ಪೆಟ್ಟಿಗೆಯೊಳಗೆ ಕುಳಿತು, ವರ್ಷಗಟ್ಟಲೆ ತಪ್ಪಿಲ್ಲದೆ ಓಡಬೇಕು ಎಂದು ಲೆಕ್ಕ ಹಾಕಿ ವೇಗ ನಿಗದಿ ಮಾಡುತ್ತಾರೆ. ಒಳ್ಳೆಯ ಚಿಪ್ ಸಿಕ್ಕವರಿಗೆ ಆ ಅಂತರವೆಲ್ಲ ಲಾಭ. ಇದರ ಹೆಸರಾಂತ ಉದಾಹರಣೆ 1998ರ ಇಂಟೆಲ್ ಸೆಲೆರಾನ್ 300ಎ. ಅದರ ಗುಣಕ 4.5, 66 ಮೆಗಾಹರ್ಟ್ಸ್ ಬಸ್ಸಿನ ಮೇಲೆ 300 ಮೆಗಾಹರ್ಟ್ಸ್ ವೇಗ. ಬಸ್ಸನ್ನು 100ಕ್ಕೆ ಏರಿಸಿದರೆ 450. ಅನೇಕ ಚಿಪ್‌ಗಳು ವೋಲ್ಟೇಜ್ ಮುಟ್ಟುವ ಅಗತ್ಯವೇ ಇಲ್ಲದೆ, ಇಲ್ಲವೇ ಕೊಂಚವೇ ಏರಿಸಿದರೆ, ಆ ವೇಗದಲ್ಲಿ ಓಡುತ್ತಿದ್ದವು. ಅಗ್ಗದ ಚಿಪ್ಪೊಂದು ದುಬಾರಿ ಪೆಂಟಿಯಂ 2ರ ಸರಿಸಮಕ್ಕೆ ಬಂದು ನಿಂತಿತು. ಅಷ್ಟು ಧಾರಾಳವಾದ ಅಂತರ ಇಂದಿನ ಪ್ರೊಸೆಸರ್‌ಗಳಲ್ಲಿ ಉಳಿದಿಲ್ಲ.

ವೇಗಕ್ಕೂ ವೋಲ್ಟೇಜಿಗೂ ಏಕೆ ಈ ನಂಟು? 5 ಗಿಗಾಹರ್ಟ್ಸ್‌ನಲ್ಲಿ ಓಡುವ ಪ್ರೊಸೆಸರಿಗೆ ಕ್ಲಾಕಿನ ಒಂದು ಸುತ್ತಿಗೆ ಸಿಗುವ ಸಮಯ 200 ಪಿಕೋಸೆಕೆಂಡ್. ಅಷ್ಟರೊಳಗೆ ಸಂಕೇತವು ಹತ್ತಾರು ಟ್ರಾನ್ಸಿಸ್ಟರ್‌ಗಳನ್ನು ದಾಟಿ ಮುಂದಿನ ನಿಲ್ದಾಣ ಸೇರಬೇಕು. ತಡವಾದರೆ ಹಳೆಯ ಬಿಟ್ಟೇ ದಾಖಲಾಗಿ ಲೆಕ್ಕ ಕೆಡುತ್ತದೆ. ವೋಲ್ಟೇಜ್ ಹೆಚ್ಚಿದ್ದಷ್ಟೂ ಟ್ರಾನ್ಸಿಸ್ಟರ್ ಬೇಗ ಸ್ಥಿತಿ ಬದಲಿಸುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಮಾತ್ರ ಸಣ್ಣದಲ್ಲ. ಟ್ರಾನ್ಸಿಸ್ಟರ್‌ಗಳ ಕೆಲಸಕ್ಕೆ ಖರ್ಚಾಗುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲೂ ಏರುತ್ತದೆ. ಒಂದು ಚಿಪ್ಪಿಗೆ 4.6 ಗಿಗಾಹರ್ಟ್ಸ್‌ಗೆ 1.25 ವೋಲ್ಟ್ ಸಾಕು, 4.8ಕ್ಕೆ 1.38 ಬೇಕು ಎಂದಿಟ್ಟುಕೊಳ್ಳೋಣ. ವೇಗ ಹೆಚ್ಚಿದ್ದು ಶೇ. 4ರಷ್ಟು; ಖರ್ಚು ಹೆಚ್ಚಿದ್ದು ಸುಮಾರು ಶೇ. 27ರಷ್ಟು. ಇದರ ಮೇಲೆ ಸೋರಿಕೆ ವಿದ್ಯುತ್ತೂ ಇದೆ. ಚಿಪ್ ಬಿಸಿಯಾದಷ್ಟೂ ಅದು ಹೆಚ್ಚುತ್ತದೆ. ಪ್ರತಿ ಚಿಪ್ಪಿನಲ್ಲೂ ಇಂಥದೊಂದು ತಿರುವು ಬರುತ್ತದೆ. ಅಲ್ಲಿಯವರೆಗೆ 100 ಮೆಗಾಹರ್ಟ್ಸ್‌ಗೆ 20–30 ಮಿಲಿವೋಲ್ಟ್ ಕೇಳುತ್ತಿದ್ದ ಚಿಪ್ ಆಮೇಲೆ 60–70 ಕೇಳತೊಡಗುತ್ತದೆ. ದಿನನಿತ್ಯ ಬಳಸುವ ಯಂತ್ರವಾದರೆ ಆ ತಿರುವಿಗೆ ಮೊದಲೇ ನಿಲ್ಲಿಸುವುದು ಜಾಣತನ. ಅದರಾಚೆ ಸಿಗುವ ವೇಗ ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಂಡೀತೇ ಹೊರತು ಕೆಲಸದಲ್ಲಿ ಕಾಣುವುದು ಕಷ್ಟ.

ಬಯೋಸ್‌ನಲ್ಲಿ ಬರೆದ ವೋಲ್ಟೇಜೇ ಚಿಪ್ಪಿಗೆ ತಲುಪುತ್ತದೆ ಎಂದೇನೂ ಇಲ್ಲ. ಕರೆಂಟ್ ಹೆಚ್ಚಾದಂತೆ ವೋಲ್ಟೇಜ್ ಇಳಿಯುವಂತೆ ವ್ಯವಸ್ಥೆಯನ್ನು ಬೇಕೆಂದೇ ರೂಪಿಸಿರುತ್ತಾರೆ. ದಾರಿಯ ರೋಧ 1 ಮಿಲಿ ಓಮ್ ಇದ್ದು 100 ಆಂಪಿಯರ್ ಹರಿದರೆ 0.1 ವೋಲ್ಟ್ ಇಳಿಯುತ್ತದೆ, 1.35 ಎಂದು ಬರೆದದ್ದು ಕೆಲಸದ ಹೊತ್ತಿನಲ್ಲಿ 1.25 ಆಗಿರುತ್ತದೆ. ಈ ಇಳಿತವನ್ನು ತುಂಬಿಕೊಡಲು ಮದರ್‌ಬೋರ್ಡ್‌ಗಳಲ್ಲಿ ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಸೌಲಭ್ಯ ಇರುತ್ತದೆ. ಹೊಸಬರು ಇದನ್ನು ಕೊನೆಯ ಮಟ್ಟಕ್ಕೇ ಇಟ್ಟುಬಿಡುವುದುಂಟು. ಹಾಗಿಟ್ಟರೆ, ಭಾರೀ ಕೆಲಸ ಥಟ್ಟನೆ ನಿಂತಾಗ ವೋಲ್ಟೇಜ್ ಕ್ಷಣಮಾತ್ರ ನಿಗದಿತ ಮಟ್ಟವನ್ನೂ ಮೀರಿ ಚಿಮ್ಮುತ್ತದೆ. ಆ ಚಿಮ್ಮು ಆಸಿಲೋಸ್ಕೋಪಿಗೆ ಸಿಕ್ಕೀತು, ಪರದೆಯ ಮೇಲಿನ ಅಂಕಿಯಲ್ಲಿ ಕಾಣದು. ಮಧ್ಯಮ ಮಟ್ಟದಲ್ಲಿಟ್ಟು, ಒಂದಿಷ್ಟು ಇಳಿತವನ್ನು ಒಪ್ಪಿಕೊಳ್ಳುವುದು ಲೇಸು.

ವಿಂಡೋಸ್ ತೆರೆದುಕೊಂಡಿತು ಎಂದ ಮಾತ್ರಕ್ಕೆ ಯಂತ್ರ ಸ್ಥಿರವಾಗಿದೆ ಎನ್ನಲಾಗದು. ಬ್ಲೂ ಸ್ಕ್ರೀನ್ ಬಂದರೆ, ಹ್ಯಾಂಗ್ ಆದರೆ ಕನಿಷ್ಠ ಕಣ್ಣಿಗಾದರೂ ಬೀಳುತ್ತದೆ. ಸದ್ದಿಲ್ಲದೆ ನುಸುಳುವ ತಪ್ಪು ಲೆಕ್ಕವೇ ನಿಜವಾದ ತೊಂದರೆ: ಫೈಲಿನಲ್ಲಿ ಒಂದು ಬಿಟ್ ಬದಲಾಗಿ, ಅದು ಬ್ಯಾಕಪ್ಪಿಗೂ ಹೋಗಿ ಕೂತಿರುತ್ತದೆ. ಪರೀಕ್ಷೆಗೆ ಹೆಚ್ಚು ಬಳಕೆಯಲ್ಲಿರುವ ಪ್ರೈಮ್95 ಮೂಲತಃ ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ತಂತ್ರಾಂಶ. ತಾನು ಮಾಡಿದ ಲೆಕ್ಕವನ್ನು ಮೊದಲೇ ಗೊತ್ತಿರುವ ಉತ್ತರದೊಂದಿಗೆ ತಾಳೆ ನೋಡುವುದರಿಂದ ಅದು ಈ ಕೆಲಸಕ್ಕೆ ಒದಗಿಬಂತು. ಆದರೆ ಒಂದೇ ಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಒಮ್ಮೆಗೇ ಹಲವು ಅಂಕಿಗಳ ಲೆಕ್ಕ ಮಾಡುವ ಎವಿಎಕ್ಸ್ ಆದೇಶಗಳಿರುವ ಪರೀಕ್ಷೆ ವಿಪರೀತ ಕರೆಂಟ್ ಎಳೆಯುತ್ತದೆ. ಇಡೀ ರಾತ್ರಿ ಆ ಪರೀಕ್ಷೆ ದಾಟಿದ ಯಂತ್ರ ಬೆಳಗ್ಗೆ ಬ್ರೌಸರ್ ತೆರೆದಾಗ ಬಿದ್ದುಹೋಗಬಹುದು. ಒಂದೇ ಕೋರ್ ಗರಿಷ್ಠ ವೇಗಕ್ಕೆ ನೆಗೆಯುವ ಆ ಹೊತ್ತನ್ನು ಭಾರದ ಪರೀಕ್ಷೆ ಮುಟ್ಟಿಯೇ ಇರುವುದಿಲ್ಲ. ಹವೆಯೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಗೆದ್ದ ವೋಲ್ಟೇಜ್ ರಾಯಚೂರಿನ ಏಪ್ರಿಲ್‌ನಲ್ಲಿ ಸೋಲಬಹುದು. ಸೆಟ್ಟಿಂಗ್ ಗೊತ್ತುಮಾಡಿಕೊಂಡ ಮೇಲೆ 10–20 ಮಿಲಿವೋಲ್ಟ್ ಹೆಚ್ಚುವರಿ ಇಡುವ ರೂಢಿ ಬಂದದ್ದು ಹೀಗೆ.

ಆಯಸ್ಸು ಕುಗ್ಗಿಸುವ ಕಾರಣಗಳಲ್ಲಿ ಮೊದಲನೆಯದು ಎಲೆಕ್ಟ್ರೋಮೈಗ್ರೇಷನ್. ಹರಿಯುವ ಎಲೆಕ್ಟ್ರಾನ್‌ಗಳು ಲೋಹದ ಪರಮಾಣುಗಳನ್ನು ನೂಕುತ್ತಾ ಹೋಗಿ, ತಂತಿ ಒಂದೆಡೆ ಸವೆದು ಇನ್ನೊಂದೆಡೆ ಗುಡ್ಡೆಯಾಗುತ್ತದೆ. ಜೇಮ್ಸ್ ಬ್ಲ್ಯಾಕ್ 1969ರಲ್ಲಿ ಕೊಟ್ಟ ಸಮೀಕರಣದಂತೆ ತಂತಿಯ ಬಾಳಿಕೆ ಕರೆಂಟಿನ ಸಾಂದ್ರತೆ ಹೆಚ್ಚಿದಂತೆ ಇಳಿಯುತ್ತದೆ, ತಾಪಮಾನ ಏರಿದಂತೆ ಘಾತೀಯವಾಗಿ ಇಳಿಯುತ್ತದೆ. ಗೇಟಿನ ಕೆಳಗಿನ ತೆಳು ನಿರೋಧಕ ಪದರವೂ ಹೆಚ್ಚಿನ ವೋಲ್ಟೇಜಿನಲ್ಲಿ ಹದಗೆಡುತ್ತದೆ, ಟ್ರಾನ್ಸಿಸ್ಟರ್ ನಿಧಾನವಾಗುತ್ತದೆ. ಬಳಕೆದಾರನಿಗೆ ಇದು ತಿಳಿಯುವುದು ಬಳಸಿದ ಮೇಲೆಯೇ: ಕಳೆದ ವರ್ಷ 1.30 ವೋಲ್ಟಿನಲ್ಲಿ ನೆಟ್ಟಗಿದ್ದ ಚಿಪ್ ಈ ವರ್ಷ ಅದೇ ವೇಗಕ್ಕೆ 1.33 ಕೇಳುತ್ತದೆ. ಕೊಟ್ಟರೆ ಸವೆತ ಇನ್ನೂ ಬೇಗ. ವೇಗ ಇಳಿಸುವುದೇ ಸರಿ.

ಹೆಚ್ಚಿನ ವೋಲ್ಟೇಜ್ ಚಿಪ್ಪನ್ನು ಕೆಡಿಸುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿ ಇದೆ. 130 ನ್ಯಾನೋಮೀಟರಿನ ನಾರ್ತ್‌ವುಡ್ ಪೆಂಟಿಯಂ 4ಕ್ಕೆ 1.7 ವೋಲ್ಟ್ ಮೀರಿ ಕೊಟ್ಟವರ ಚಿಪ್‌ಗಳು ಯಾವ ಮುನ್ಸೂಚನೆಯೂ ಇಲ್ಲದೆ ಸಾಯುತ್ತಿದ್ದವು. 2023ರಲ್ಲಿ ಕೆಲವು ರೈಜನ್ 7000 ಸರಣಿಯ ಚಿಪ್‌ಗಳು, ಮುಖ್ಯವಾಗಿ ಎಕ್ಸ್3ಡಿ ಮಾದರಿಗಳು, ಸುಟ್ಟವು. ವೇಗದ ಮೆಮೊರಿಗಾಗಿ ಮದರ್‌ಬೋರ್ಡ್‌ಗಳು ತಾವಾಗಿ ಎಸ್‌ಒಸಿ (ಚಿಪ್ಪಿನ ಮೆಮೊರಿ ನಿಯಂತ್ರಕವಿರುವ ಭಾಗದ) ವೋಲ್ಟೇಜ್ ಏರಿಸುತ್ತಿದ್ದುದು ಬೆಳಕಿಗೆ ಬಂದು, ಎಎಂಡಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳ ಸರದಿ. ಚಿಪ್ಪಿನೊಳಗಿನ ನಿಯಂತ್ರಣ ತಂತ್ರಾಂಶವಾದ ಮೈಕ್ರೋಕೋಡ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದರಿಂದ, ಓವರ್‌ಕ್ಲಾಕ್ ಮಾಡದವರ ಯಂತ್ರಗಳೂ ಹದಗೆಟ್ಟವು. ಆಗಸ್ಟ್‌ನಲ್ಲಿ ಬಂದ ತಿದ್ದುಪಡಿ 1.55 ವೋಲ್ಟ್ ಮೀರಿದ ಬೇಡಿಕೆಗೆ ತಡೆ ಹಾಕಿತು, ವಾರಂಟಿ ಎರಡು ವರ್ಷ ಹೆಚ್ಚಿತು. ಆಗಲೇ ಸವೆದಿದ್ದ ಚಿಪ್‌ಗಳನ್ನು ಯಾವ ತಿದ್ದುಪಡಿಯೂ ಸರಿಮಾಡಲಿಲ್ಲ.

ದಾಖಲೆಗಾಗಿ ಓಡಿಸುವವರ ಲೆಕ್ಕವೇ ಬೇರೆ. 2011ರಲ್ಲಿ ಎಎಂಡಿ ಎಫ್‌ಎಕ್ಸ್-8150 ದ್ರವ ಹೀಲಿಯಂನ ತಂಪಿನಲ್ಲಿ 8.429 ಗಿಗಾಹರ್ಟ್ಸ್ ಮುಟ್ಟಿತು. ಅಲ್ಲಿ ಚಿಪ್ ಕೆಲವು ನಿಮಿಷ ಬದುಕಿದರೆ ಆಯಿತು.

ಈಗ ಪ್ರೊಸೆಸರ್‌ಗಳೇ ಟರ್ಬೊ ಹೆಸರಿನಲ್ಲಿ ಆ ಅಂತರವನ್ನೆಲ್ಲ ಬಳಸಿಕೊಳ್ಳುವುದರಿಂದ ಹವ್ಯಾಸಿಗಳು ಹಲವರು ಅಂಡರ್‌ವೋಲ್ಟಿಂಗ್ ಕಡೆ ಹೊರಳಿದ್ದಾರೆ. ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಕೊಟ್ಟರೆ ಶಾಖ ತಗ್ಗಿ, ಚಿಪ್ ತಾನಾಗಿ ಇನ್ನಷ್ಟು ಹೊತ್ತು ಗರಿಷ್ಠ ವೇಗದಲ್ಲಿ ನಿಲ್ಲುತ್ತದೆ. ಆಯಸ್ಸಿನ ಚಿಂತೆ ಇಲ್ಲಿಲ್ಲ, ಸ್ಥಿರತೆಯ ಪರೀಕ್ಷೆ ಮಾತ್ರ ತಪ್ಪದು. ವಾರಂಟಿಯ ವಿಷಯದಲ್ಲಿ ಹುಷಾರು ಬೇಕು: ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಯನ್ನು ಕಂಪನಿಗಳು ತುಂಬಿಕೊಡುವುದಿಲ್ಲ, ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಪೋ ಪ್ರೊಫೈಲ್ ಆರಿಸುವುದನ್ನೂ ಎಎಂಡಿ ಓವರ್‌ಕ್ಲಾಕಿಂಗ್ ಎಂದೇ ಎಣಿಸುತ್ತದೆ. ಹೆಚ್ಚುವರಿ ಹಣ ಕಟ್ಟಿದರೆ ಸುಟ್ಟ ಚಿಪ್ಪನ್ನು ಒಮ್ಮೆ ಬದಲಿಸಿಕೊಡುತ್ತಿದ್ದ ಯೋಜನೆಯೊಂದು ಇಂಟೆಲ್‌ನಲ್ಲಿತ್ತು. 2021ರಲ್ಲಿ ಅದನ್ನೂ ನಿಲ್ಲಿಸಿದರು.